ಕಚೇರಿಗೆ ಗೊತ್ತಿರುವುದನ್ನು ಜನರಿಂದ ಕೇಳಬೇಡಿ



ಜಗನ್ನಾಥದಾಸರ ಮಾನ್ವಿ, ವಿಜಯದಾಸರ ಚೀಕಲಪರ್ವಿ ಇರುವ ಈ ರಾಯಚೂರು ಜಿಲ್ಲೆಯಲ್ಲಿ ದತ್ತಿ ಉಪನ್ಯಾಸ ಎಂದರೆ ದಾಸಸಾಹಿತ್ಯವೋ ವಚನವೋ ಜನಪದವೋ ಆಗಿರುವುದು ವಾಡಿಕೆ. ಈ ವರ್ಷ ಆಡಳಿತ ಮತ್ತು ಮಾಹಿತಿ ತಂತ್ರಜ್ಞಾನದ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದರು. ನಾನು ಸಂತೋಷದಿಂದ ಒಪ್ಪಿಕೊಂಡೆ. ಪಹಣಿ, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಸುಕಿನ ಬಸ್ಸು ಹತ್ತುವ ಜನ ನಮ್ಮ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅವರ ದುಡಿಮೆಯ ದಿನಗಳನ್ನು ಈ ಚೀಲ ತಿನ್ನುತ್ತಿದೆ. ಆದ್ದರಿಂದ ಇದು ಕೇವಲ ಕಂಪ್ಯೂಟರಿನ ವಿಷಯವಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಸರ್ಕಾರದ ಒಂದು ಕಚೇರಿಗೆ ಗೊತ್ತಿರುವುದನ್ನು ಮತ್ತೊಂದು ಕಚೇರಿ ಜನರಿಂದ ತರಿಸಿಕೊಳ್ಳಬಾರದು. ಆದರೆ ಮಾಹಿತಿ ಕಚೇರಿಯಿಂದ ಕಚೇರಿಗೆ ಹೋಗುವಾಗ ಅದರಲ್ಲಿನ ತಪ್ಪನ್ನು ತಿದ್ದಿಸಿಕೊಳ್ಳುವ ಹಕ್ಕು, ಅದನ್ನು ಯಾರು ನೋಡಿದರು ಎಂದು ಕೇಳುವ ಹಕ್ಕು, ಎರಡೂ ಪ್ರಜೆಯ ಕೈಯಲ್ಲಿರಬೇಕು. ಮೊದಲ ಮಾತು ಅನುಕೂಲದ್ದು, ಎರಡನೆಯದು ನ್ಯಾಯದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಜಾರಿಗೆ ತಂದರೆ ಕೆಡುಕೇ ಹೆಚ್ಚು.

ನಮ್ಮ ಜಿಲ್ಲೆಯ ದಾಖಲೆಗಳು ನಡೆದುಬಂದ ದಾರಿ

ಹಳೇ ಮೈಸೂರಿನ ಒಂದು ತಾಲ್ಲೂಕಿಗೂ ನಮಗೂ ದಾಖಲೆಯ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿದೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಕಂದಾಯದ ಬರವಣಿಗೆ ಉರ್ದುವಿನಲ್ಲಿ ನಡೆಯುತ್ತಿತ್ತು. ಸೇತ್ವಾರ್, ಫೈಸಲ್ ಪಟ್ಟಿಗಳಿಂದ ಹಿಡಿದು 1954-55ರ ಖಾಸ್ರಾ ಪಹಣಿಯವರೆಗೆ, ಇವತ್ತಿಗೂ ಜಮೀನಿನ ವ್ಯಾಜ್ಯ ಬಂದರೆ ವಕೀಲರು ಕೇಳುವ ಕಾಗದಗಳು ಹೈದರಾಬಾದಿನ ಆಳ್ವಿಕೆಯ ಕಾಲದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ 1964ರ ಭೂಕಂದಾಯ ಕಾಯ್ದೆ ಬಂತು, ದಾಖಲೆ ಕನ್ನಡಕ್ಕೆ ಹೊರಳಿತು.

ಉರ್ದು ಬರಹದಲ್ಲಿ ನಮ್ಮ ಣಕಾರ, ಳಕಾರಗಳಿಗೆ ಬೇರೆ ಅಕ್ಷರವಿಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಊರಿನ ಹೆಸರು, ಮನುಷ್ಯನ ಹೆಸರು ಅಲ್ಲಿಂದ ಕನ್ನಡಕ್ಕೆ ಬರುವಾಗ ಬರೆದ ಗುಮಾಸ್ತರ ಕಿವಿ ಮತ್ತು ಊಹೆಯನ್ನು ಅವಲಂಬಿಸಿದವು. 2000ದ ಹೊತ್ತಿಗೆ ಅದೇ ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿತು. ಕೈಬರಹದಲ್ಲಿ ಇದ್ದ ತಪ್ಪು ಅಚ್ಚಿನ ತಪ್ಪಾಗಿ ಕುಳಿತಿತು. ಇನ್ನೊಂದು ಹತ್ತು ವರ್ಷಕ್ಕೆ ಆಧಾರ್ ಬಂತು. ಅಲ್ಲಿ ಹೆಸರು ಇಂಗ್ಲಿಷಿನಲ್ಲೂ ದಾಖಲಾಯಿತು. ಪಹಣಿಯಲ್ಲಿ ‘ಹನುಮಂತ ತಂದೆ ಮಲ್ಲಯ್ಯ’ ಎಂದಿರುವವರು ಆಧಾರ್‌ನಲ್ಲಿ ಹನುಮಂತಪ್ಪ, ಬ್ಯಾಂಕಿನಲ್ಲಿ ಹನ್ಮಂತು, ರೇಷನ್ ಕಾರ್ಡಿನಲ್ಲಿ ಹಣಮಂತ. ನಾಲ್ಕೂ ಒಬ್ಬನೇ ಮನುಷ್ಯ ಎಂದು ಊರಿಗೆಲ್ಲ ಗೊತ್ತು. ಕಂಪ್ಯೂಟರಿಗೆ ಮಾತ್ರ ಅವರು ನಾಲ್ಕು ಜನ.

ಇದಕ್ಕೆ ಇನ್ನೆರಡು ತೊಡಕು ಸೇರಿಕೊಂಡವು. ಮಾನ್ವಿಯಿಂದ ಸಿರವಾರ, ದೇವದುರ್ಗದಿಂದ ಅರಕೇರಾ ಬೇರೆ ತಾಲ್ಲೂಕುಗಳಾದವು. ತಾಲ್ಲೂಕು ಬದಲಾದಾಗ ಹಳ್ಳಿಯ ಸಂಕೇತ ಸಂಖ್ಯೆ ಎಲ್ಲ ಇಲಾಖೆಗಳ ಕಂಪ್ಯೂಟರಿನಲ್ಲೂ ಏಕಕಾಲಕ್ಕೆ ಬದಲಾಗಬೇಕು. ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು ಉಳಿದರೆ ಹಳ್ಳಿಯೇ ಹೊಂದುವುದಿಲ್ಲ. ಎರಡನೆಯದು ಅಕ್ಷರದ ತೊಡಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಟೈಪಾದ ಕಡತಗಳು ಯೂನಿಕೋಡ್‌ಗೆ ಬದಲಾಗದೆ ಉಳಿದಿದ್ದರೆ ಒಂದು ಇಲಾಖೆಯ ಕನ್ನಡ ಇನ್ನೊಂದು ಇಲಾಖೆಯ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಮಾಹಿತಿ ಹಂಚಿಕೆಯ ನೀತಿ ಎಂದರೆ ಮೊದಲಿಗೆ ಇಂಥ ಸಣ್ಣ ಸಂಗತಿಗಳ ಒಪ್ಪಂದ. ಊರಿಗೆ ಒಂದೇ ಸಂಖ್ಯೆ, ಹೆಸರಿಗೆ ಒಂದೇ ಬರೆಯುವ ಕ್ರಮ, ಅಕ್ಷರಕ್ಕೆ ಒಂದೇ ಸಂಕೇತ.

ರಾಜ್ಯ ಮಾಡಿರುವ ಕೆಲಸ

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯ ಅಲ್ಲವೇ ಅಲ್ಲ. ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಗಣಕೀಕರಣಗೊಂಡವು. ಶಾನುಭೋಗರ, ಪಟವಾರಿಗಳ, ಆಮೇಲೆ ಗ್ರಾಮ ಲೆಕ್ಕಿಗರ ಬಗಲಲ್ಲಿದ್ದ ಪುಸ್ತಕ 15 ರೂಪಾಯಿ ಕೊಟ್ಟರೆ ಯಾರ ಕೈಗಾದರೂ ಸಿಗುವಂತಾಯಿತು. ನೋಂದಣಿ ಇಲಾಖೆಗೆ ‘ಕಾವೇರಿ’, ಖಜಾನೆಗೆ ‘ಖಜಾನೆ’, ಭೂಮಾಪನಕ್ಕೆ ‘ಮೋಜಿಣಿ’, ಗ್ರಾಮ ಪಂಚಾಯಿತಿ ಆಸ್ತಿಗೆ ‘ಇ-ಸ್ವತ್ತು’, ಶಾಲಾ ಮಕ್ಕಳಿಗೆ ‘ಸ್ಯಾಟ್ಸ್’, ಬೆಳೆ ವಿಮೆಗೆ ‘ಸಂರಕ್ಷಣೆ’, ರೈತರ ನೋಂದಣಿಗೆ ‘ಫ್ರೂಟ್ಸ್’, ಕುಟುಂಬದ ವಿವರಕ್ಕೆ ‘ಕುಟುಂಬ’, ಎಲ್ಲ ಸೇವೆಗಳಿಗೆ ‘ಸೇವಾ ಸಿಂಧು’ ಒಂದಾದ ಮೇಲೊಂದು ಬಂದವು. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್ 2ರಿಂದ ಜಾರಿಯಾಗಿ, ಅರ್ಜಿ ಹಾಕಿದ ಮೇಲೆ ಇಷ್ಟು ದಿನದಲ್ಲಿ ಕೆಲಸ ಆಗಲೇಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂದಿತು.

ಇಷ್ಟೆಲ್ಲ ಆಗಿಯೂ ಚೀಲ ಯಾಕೆ ಹಗುರವಾಗಲಿಲ್ಲ? ಪ್ರತಿ ಇಲಾಖೆಯೂ ತನ್ನ ಮನೆಯನ್ನು ಚೆನ್ನಾಗಿ ಕಟ್ಟಿಕೊಂಡಿತು; ಒಂದು ಮನೆಯಿಂದ ಇನ್ನೊಂದಕ್ಕೆ ದಾರಿ ಮಾಡುವ ಕೆಲಸ ತಡವಾಗಿ, ತುಂಡುತುಂಡಾಗಿ ನಡೆಯಿತು. ಸಕಾಲದ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾದ ಮೇಲೆ. ಆ ಅರ್ಜಿಗೆ ಬೇಕಾದ ಕಾಗದಗಳನ್ನು ಕೂಡಿಸಲು ಬಡವರು ಕಳೆಯುವ ವಾರಗಳನ್ನು ಯಾವ ಗಡಿಯಾರವೂ ಎಣಿಸುವುದಿಲ್ಲ.

ಒಂದು ಖಾತೆ ಬದಲಾವಣೆಯನ್ನು ಹತ್ತಿರದಿಂದ ನೋಡೋಣ

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ರೈತ ಹೆಣ್ಣುಮಗಳು ಇದ್ದಾಳೆ ಎಂದಿಟ್ಟುಕೊಳ್ಳಿ. ಮೂರು ಎಕರೆಯಲ್ಲಿ ತೊಗರಿ, ಹತ್ತಿ ಬೆಳೆಯುತ್ತಾಳೆ. ಪಹಣಿಯ 9ನೇ ಕಲಂನಲ್ಲಿ, ಅಂದರೆ ಸ್ವಾಧೀನದಾರರ ಕಲಂನಲ್ಲಿ, ಈಗಲೂ ಅವಳ ಮಾವನ ಹೆಸರಿದೆ. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು. 11ನೇ ಕಲಂನಲ್ಲಿ ಸಹಕಾರ ಸಂಘದ ಸಾಲದ ಭೋಜಾ ಇದೆ. ಸಾಲ ತೀರಿದೆ, ಭೋಜಾ ಇಳಿದಿಲ್ಲ. ಇದು ಕಲ್ಪನೆಯ ಉದಾಹರಣೆಯಾದರೂ ಇಲ್ಲಿ ಕುಳಿತಿರುವ ಕಂದಾಯ ಇಲಾಖೆಯವರು ಇಂಥ ಪಹಣಿಗಳನ್ನು ದಿನವೂ ನೋಡುತ್ತಾರೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ರಾಜ್ಯದಲ್ಲಿ 50 ಲಕ್ಷದ ಆಸುಪಾಸು ಜಮೀನುಗಳು ತೀರಿಹೋದವರ ಹೆಸರಿನಲ್ಲೇ ಇರುವುದು ಕಂದಾಯ ಇಲಾಖೆಗೇ ಗೊತ್ತಾಯಿತು. ಇಂಥ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಂದೋಲನ ನಡೆದದ್ದು ಅದಕ್ಕಾಗಿಯೇ.

ಈಗ ಅವಳು ಪೌತಿ ಮಾಡಿಸಬೇಕು. ಮಾವನ ಮರಣ ಪತ್ರ ಬೇಕು, ಗಂಡನ ಮರಣ ಪತ್ರ ಬೇಕು. ಮಾವನ ಸಾವು ನೋಂದಣಿಯೇ ಆಗಿಲ್ಲದಿದ್ದರೆ ಅದಕ್ಕೆ ಮೇಲಿನವರ ಆದೇಶ ಬೇಕು. ನಾಡಕಚೇರಿಯಿಂದ ವಂಶವೃಕ್ಷ ಬೇಕು. ಮೈದುನ ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿದ್ದರೆ ಅವನ ಒಪ್ಪಿಗೆ ಬೇಕು. ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ, ಕಂದಾಯ ನಿರೀಕ್ಷಕರ ವರದಿ. ಇದೆಲ್ಲ ಮುಗಿದು ಮ್ಯುಟೇಶನ್ ಆದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್‌ನಲ್ಲಿ ಹೆಸರು, ಸರ್ವೆ ನಂಬರು ಸೇರಿಸಿ ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಪಡೆಯಬೇಕು. ಆಮೇಲೆ ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಣೆ. “ಆನ್‌ಲೈನ್‌ದಾಗ ನಿಮ್ಮ ಹೆಸರು ಬರವಲ್ದಮ್ಮ, ಮದ್ಲ ಅಲ್ಲಿ ಸರಿ ಮಾಡಿಸ್ಕೊಂಡು ಬಾ” ಎನ್ನುವ ಮಾತು ಒಂದೊಂದು ಕೌಂಟರಿನಲ್ಲೂ ಎದುರಾಗುತ್ತದೆ.

ಈ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರವಿ ಒಂದೊಂದರ ಮೇಲಿನ ಮೊಹರು ನೋಡಿ. ಮರಣ ಪತ್ರ ಸರ್ಕಾರದ್ದು. ವಂಶವೃಕ್ಷ ಸರ್ಕಾರದ್ದು. ಪಹಣಿ, ರೇಷನ್ ಕಾರ್ಡು, ಆಧಾರ್ ಎಲ್ಲವೂ ಸರ್ಕಾರದ್ದೇ. ಸರ್ಕಾರ ತಾನೇ ಕೊಟ್ಟದ್ದನ್ನು ತನಗೇ ತೋರಿಸಲು ಆ ಹೆಣ್ಣುಮಗಳನ್ನು ಊರಿಂದೂರಿಗೆ ಓಡಾಡಿಸುತ್ತಿದೆ. ಮರಣ ನೋಂದಣಿಯಾದ ದಿನವೇ ಆ ಸುದ್ದಿ ‘ಭೂಮಿ’ಗೆ ತಲುಪಿ, ಈ ಸರ್ವೆ ನಂಬರಿನ ಸ್ವಾಧೀನದಾರರು ತೀರಿಕೊಂಡಿದ್ದಾರೆ, ವಾರಸುದಾರರ ವಿಚಾರಣೆ ಶುರು ಮಾಡಿ ಎಂದು ಗ್ರಾಮ ಆಡಳಿತಾಧಿಕಾರಿಗೆ ತಾನಾಗಿ ಸೂಚನೆ ಬರುವಂತಿದ್ದರೆ ಅವಳ ಬಹುಪಾಲು ಅಲೆದಾಟ ಉಳಿಯುತ್ತದೆ.

ಹೆಸರು ಬಾರದಿದ್ದರೆ ಆಗುವ ನಷ್ಟವೂ ಸಣ್ಣದಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮೊದಲ ಕಂತಾಗಿ 2,000 ರೂಪಾಯಿವರೆಗೆ, ಮುಂದೆ 2024ರಲ್ಲಿ ಕೇಂದ್ರದಿಂದ ಬಂದ 3,454 ಕೋಟಿ ರೂಪಾಯಿಯಿಂದ ಉಳಿದ ಪರಿಹಾರ ಹಂಚುವಾಗ ಆಧಾರವಾದದ್ದು ಫ್ರೂಟ್ಸ್ ಪಟ್ಟಿ. ಯಾರ ಜಮೀನು ಆ ಪಟ್ಟಿಯಲ್ಲಿ ಪೂರ್ತಿ ಸೇರಿರಲಿಲ್ಲವೋ ಅವರಿಗೆ ಕಡಿಮೆ ಬಂತು. ಸೇರಿಯೇ ಇರದವರಿಗೆ ಬರಲಿಲ್ಲ. ಹೊಲ ಒಣಗಿದ್ದು ಇಬ್ಬರದೂ ಒಂದೇ ರೀತಿ.

ಕೌಂಟರಿನ ಆ ಕಡೆ ಕುಳಿತವರು

ಈ ಅಲೆದಾಟಕ್ಕೆ ಕೆಳಗಿನ ನೌಕರರನ್ನು ಬೈಯುವುದು ಸುಲಭ, ಆದರೆ ಅದು ಅನ್ಯಾಯ. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಇಳಿದಾಗ ಅವರ ಮುಖ್ಯ ದೂರು ಸಂಬಳದ್ದಾಗಿರಲಿಲ್ಲ. ಕೂರಲು ಕಚೇರಿಯಿಲ್ಲ, ಕಂಪ್ಯೂಟರ್ ಇಲ್ಲ, ಸ್ವಂತ ಮೊಬೈಲಿನಲ್ಲಿ 17ಕ್ಕೂ ಹೆಚ್ಚು ಆ್ಯಪ್‌ಗಳನ್ನು ತುಂಬಬೇಕು ಎಂಬುದಾಗಿತ್ತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಹಗಲಿರುಳು ಧರಣಿ ಕುಳಿತಾಗಲೂ ಪೋರ್ಟಲ್‌ಗೆ ಜೋಡಿಸಿದ ಪ್ರೋತ್ಸಾಹಧನದ ಗೊಂದಲ ಬಗೆಹರಿಸಿ ಎಂಬುದು ಅವರ ಬೇಡಿಕೆಗಳಲ್ಲೊಂದಾಗಿತ್ತು. ತಾಯಿ ಕಾರ್ಡಿನಲ್ಲಿ ಬರೆದ ಗರ್ಭಿಣಿಯ ವಿವರವನ್ನು ಆಶಾ ಒಂದು ಕಡೆ, ಅಂಗನವಾಡಿ ಕಾರ್ಯಕರ್ತೆ ಇನ್ನೊಂದು ಕಡೆ ತುಂಬುತ್ತಾರೆ. ಒಂದೇ ಮನೆಗೆ ಇಬ್ಬರು ಹೋಗಿ ಒಂದೇ ಪ್ರಶ್ನೆ ಕೇಳಿ ಎರಡು ಬೇರೆ ಪರದೆಗಳಿಗೆ ಬರೆಯುತ್ತಾರೆ. ಮಾಹಿತಿ ಹಂಚಿಕೆಯಿಲ್ಲದ್ದರ ಭಾರ ಜನರಷ್ಟೇ ಇವರ ಮೇಲೂ ಬಿದ್ದಿದೆ.

ಅಧಿಕಾರಿಗಳು ಕಾಗದ ಕೇಳುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಅರ್ಥಮಾಡಿಕೊಳ್ಳಬೇಕು. ನಾಳೆ ಆಡಿಟ್ ಬಂದಾಗ, ಇನ್ನೊಂದು ಇಲಾಖೆಯ ಪರದೆ ನೋಡಿ ಮಂಜೂರು ಮಾಡಿದೆ ಎಂದರೆ ಯಾರೂ ಒಪ್ಪುವುದಿಲ್ಲ ಎಂಬ ಭಯ. ಕಡತದಲ್ಲಿ ಜೆರಾಕ್ಸ್ ಇದ್ದರೆ ಅವರಿಗೆ ರಕ್ಷಣೆ. ಆದ್ದರಿಂದ ಸಾಫ್ಟ್‌ವೇರ್ ಬರೆಯುವುದಕ್ಕೆ ಮುಂಚೆ ಒಂದು ನಿಯಮ ಬರೆಯಬೇಕಾಗಿದೆ. ದಾಖಲೆಯನ್ನು ಇಟ್ಟುಕೊಂಡಿರುವ ಇಲಾಖೆಯ ಮಾಹಿತಿಯನ್ನು ನಂಬಿ ಪ್ರಾಮಾಣಿಕವಾಗಿ ಆದೇಶ ಮಾಡಿದ ಅಧಿಕಾರಿ, ಆ ಮಾಹಿತಿ ತಪ್ಪಾಗಿದ್ದರೆ ಹೊಣೆಯಲ್ಲ. ಹೊಣೆ ದಾಖಲೆ ಇಟ್ಟ ಇಲಾಖೆಯದು. ಇದೊಂದು ಸಾಲು ಲೆಕ್ಕಪರಿಶೋಧನೆಯ ಕೈಪಿಡಿಗೆ ಸೇರಿದರೆ ಅರ್ಧದಷ್ಟು ಜೆರಾಕ್ಸ್ ನಿಂತೀತು ಎಂದು ನನ್ನ ನಂಬಿಕೆ.

ಸರಿಯಾಗಿ ನಡೆದ ಉದಾಹರಣೆಗಳು

ಒಳ್ಳೆಯದನ್ನು ಒಳ್ಳೆಯದೆಂದು ಹೇಳಬೇಕು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಹಾಕಿದರೆ ಸಾಕು; ನಾಡಕಚೇರಿಯ ದಾಖಲೆಯಿಂದ ವಿವರ ತಾನೇ ಬರುತ್ತದೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ತಂದೆ ಅಥವಾ ತಾಯಿಯ ಎಫ್‌ಐಡಿಯೇ ರೈತರ ಮಕ್ಕಳೆಂಬುದಕ್ಕೆ ಸಾಕ್ಷಿ. ಅದೇ ವರ್ಷ ಮನೆ ಬಾಗಿಲಿಗೆ ಮಾಸಾಶನ ಎಂಬ ಕಾರ್ಯಕ್ರಮದಲ್ಲಿ, ವೃದ್ಧಾಪ್ಯ ವೇತನಕ್ಕೆ ಅರ್ಹರಾದ ವಯಸ್ಸಿನ ಬಡವರನ್ನು ಇರುವ ದಾಖಲೆಯಿಂದಲೇ ಗುರುತಿಸಿ, ಕಂದಾಯ ಸಿಬ್ಬಂದಿಯನ್ನು ಅವರ ಮನೆಗೆ ಕಳಿಸುವ ಪ್ರಯತ್ನ ನಡೆಯಿತು. ಅರ್ಜಿ ಜನರಿಂದ ಕಚೇರಿಗೆ ಬರುವ ಬದಲು ಆದೇಶ ಕಚೇರಿಯಿಂದ ಜನರಿಗೆ ಹೋಗುವ ಈ ಕ್ರಮವೇ ಸರಿಯಾದ ದಿಕ್ಕು.

2018ರ ಸಾಲಮನ್ನಾ ಇನ್ನೂ ದೊಡ್ಡ ಪಾಠ. ಸಾಲದ ವಿವರ ಬ್ಯಾಂಕಿನದು, ಜಮೀನಿನ ವಿವರ ‘ಭೂಮಿ’ಯದು, ಕುಟುಂಬದ ವಿವರ ರೇಷನ್ ಕಾರ್ಡಿನದು, ಗುರುತು ಆಧಾರ್‌ನದು. ನಾಲ್ಕು ಕಡೆಯ ಮಾಹಿತಿಯನ್ನು ಒಟ್ಟಿಗೆ ನೋಡಿದ್ದರಿಂದ ಒಂದೇ ಕುಟುಂಬ ಮಿತಿ ಮೀರಿ ಹಲವು ಸಲ ಲಾಭ ಪಡೆಯುವುದು ತಪ್ಪಿತು. ಹೆಸರು ಹೊಂದದವರು ಮಾತ್ರ ತಿಂಗಳುಗಟ್ಟಲೆ ಕಾಯಬೇಕಾಯಿತು. ಹಂಚಿಕೆಯ ಬಲವೂ ಅದರ ನೋವೂ ಒಂದೇ ಯೋಜನೆಯಲ್ಲಿ ಕಾಣಿಸಿದವು.

ಹೊರಗಿನ ಮಾದರಿ ಬೇಕೆಂದರೆ ಯುರೋಪಿನ ಪುಟ್ಟ ದೇಶ ಎಸ್ಟೋನಿಯಾ ಇದೆ. ಅಲ್ಲಿ 2001ರಿಂದ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆ ನಡೆಯುತ್ತಿದೆ. ಎಲ್ಲರ ಮಾಹಿತಿಯನ್ನು ಒಂದು ದೊಡ್ಡ ಗೋದಾಮಿಗೆ ತುಂಬಿಟ್ಟಿಲ್ಲ. ದಾಖಲೆ ಆಯಾ ಇಲಾಖೆಯಲ್ಲೇ ಇರುತ್ತದೆ, ಬೇಕಾದವರು ಬೇಕಾದ ಪ್ರಶ್ನೆಯನ್ನಷ್ಟೇ ಕೇಳಿ ಉತ್ತರ ಪಡೆಯುತ್ತಾರೆ. ಪ್ರತಿ ಪ್ರಶ್ನೆಯೂ ದಾಖಲಾಗುತ್ತದೆ. ನನ್ನ ಮಾಹಿತಿಯನ್ನು ಯಾವ ಕಚೇರಿ ನೋಡಿತು ಎಂದು ಪ್ರಜೆ ಕುಳಿತಲ್ಲೇ ನೋಡಬಹುದು.

ಹೊಂದಾಣಿಕೆ ಕತ್ತಿಯಾದಾಗ

ಕೃಷ್ಣಾ ನದಿ ದಾಟಿದರೆ ತೆಲಂಗಾಣ. ಅಲ್ಲಿ ಕಂಪ್ಯೂಟರಿನಲ್ಲಿ ಬೇರೆ ಬೇರೆ ಇಲಾಖೆಗಳ ಮಾಹಿತಿ ತಾಳೆ ಹಾಕಿ, ಮನೆಗೆ ಹೋಗಿ ನೋಡದೆ, ಲಕ್ಷಾಂತರ ರೇಷನ್ ಕಾರ್ಡುಗಳನ್ನು ರದ್ದು ಮಾಡಿದ್ದರು. 2022ರಲ್ಲಿ ಸುಪ್ರೀಂ ಕೋರ್ಟ್ ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲನೆ ಮಾಡಿ ಎಂದು ಹೇಳಬೇಕಾಯಿತು. ನಮ್ಮಲ್ಲೂ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ಗದ್ದಲವಾಗಿ, ಅರ್ಹರ ಕಾರ್ಡು ತೆಗೆಯಬೇಡಿ, ತೆಗೆದಿದ್ದರೆ ವಾಪಸು ಕೊಡಿ ಎಂದು ಸರ್ಕಾರವೇ ಸೂಚಿಸಬೇಕಾಯಿತು. ಹೊಂದಾಣಿಕೆಯಾಗಲಿಲ್ಲ ಎಂಬುದು ವಿಚಾರಿಸಲು ಕಾರಣ. ಅನ್ನ ನಿಲ್ಲಿಸಲು ಕಾರಣವಲ್ಲ. ಇದನ್ನು ನೀತಿಯ ಮೊದಲ ಪುಟದಲ್ಲೇ ಬರೆಯಬೇಕು.

ಮಾಹಿತಿ ಹಂಚಿಕೆಯಲ್ಲಿ ಖಾಸಗಿತನದ ಮಾತು ಬಂದಾಗ, ಹಳ್ಳಿಯ ಬಡವರಿಗೆ ಯಾಕೆ ಖಾಸಗಿತನ ಎಂದು ಕೇಳುವವರಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯಿಂದ ಬಂದದ್ದು. ಆ ಹಕ್ಕಿನಲ್ಲಿ ಹಳ್ಳಿ, ಪೇಟೆ ಎಂಬ ಭೇದವಿಲ್ಲ. ಆಧಾರ್ ಜೆರಾಕ್ಸ್ ತಪ್ಪು ಕೈಗೆ ಸಿಕ್ಕರೆ ಮೊದಲು ಮೋಸ ಹೋಗುವವರು ಓದು ಬಾರದವರೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ. ಅದೇ ಕಾಯ್ದೆ ಮಾಹಿತಿ ಹಕ್ಕಿನ ಕಾಯ್ದೆಯ ಒಂದು ಕಲಮನ್ನೂ ಬದಲಿಸಿದೆ. ವೈಯಕ್ತಿಕ ಮಾಹಿತಿ ಎಂಬ ಹೆಸರಿನಲ್ಲಿ ಕೂಲಿಯ ಹಾಜರಿ ಪಟ್ಟಿಯನ್ನೋ ಫಲಾನುಭವಿಗಳ ಪಟ್ಟಿಯನ್ನೋ ಗ್ರಾಮಸಭೆಯಿಂದ ಮುಚ್ಚಿಡದಂತೆ ನಾವು ಎಚ್ಚರವಾಗಿರಬೇಕು.

ನೀರಿನ ಲೆಕ್ಕ ಎಲ್ಲರದು

ಇಲ್ಲಿಯವರೆಗೆ ಮನುಷ್ಯರ ಮಾಹಿತಿಯ ಬಗ್ಗೆ ಹೇಳಿದೆ. ಯಾರ ಖಾಸಗಿಯೂ ಅಲ್ಲದ, ಎಲ್ಲರಿಗೂ ಸೇರಿದ ಮಾಹಿತಿ ಇನ್ನೊಂದಿದೆ. ನಮ್ಮ ಜಿಲ್ಲೆಗೆ ಅದರಲ್ಲಿ ಮುಖ್ಯವಾದದ್ದು ನೀರಿನದು.

ತುಂಗಭದ್ರಾ ಎಡದಂಡೆ ನಾಲೆ ಸುಮಾರು 227 ಕಿಲೋಮೀಟರ್ ಉದ್ದ. ಮಾನ್ವಿ, ಸಿರವಾರ, ರಾಯಚೂರಿನವರು ಅದರ ಕೊನೆಭಾಗದವರು. ಪ್ರತಿ ಹಂಗಾಮಿನಲ್ಲಿ ಅವರು ಕೇಳುವ ಪ್ರಶ್ನೆ ಒಂದೇ: ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ? ಮೇಲೆ ಎಷ್ಟು ಬಿಟ್ಟರು, ಮೈಲ್ 69ಕ್ಕೆ ಎಷ್ಟು ಬಂತು, 104ಕ್ಕೆ ಎಷ್ಟು ಉಳಿಯಿತು ಎಂಬ ಲೆಕ್ಕ ನೀರಾವರಿ ಇಲಾಖೆಯದು. ಯಾವ ಊರಿನಲ್ಲಿ ಎಷ್ಟು ಎಕರೆ ಭತ್ತ ನಾಟಿಯಾಗಿದೆ ಎಂಬುದು ಬೆಳೆ ಸಮೀಕ್ಷೆಯಲ್ಲಿದೆ. 2017ರಿಂದ ಸರ್ವೆ ನಂಬರಿನ ಮಟ್ಟದಲ್ಲಿ ಮೊಬೈಲ್‌ನಲ್ಲಿ ಚಿತ್ರ ತೆಗೆದು ಅದನ್ನು ದಾಖಲಿಸುತ್ತಿದ್ದಾರೆ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ದಿನದಿನವೂ ಜನರ ಮುಂದೆ ಹಾಕಿದರೆ ಕೊನೆಭಾಗದ ರೈತ ರಸ್ತೆಗಿಳಿದು ಕೂಗುವ ಮೊದಲೇ ಅವನ ಪಾಲು ಎಲ್ಲಿ ಹೋಯಿತು ಎಂಬುದು ಕಾಣುತ್ತದೆ.

ಇದು ಆಗದ ಕೆಲಸವೇನಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾಗಿ, ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನಿಟ್ಟು ವರದಿ ಕೊಡುತ್ತಿದೆ. ಜಲಾಶಯಗಳ ಮಟ್ಟವನ್ನು ಪ್ರತಿದಿನ ಪ್ರಕಟಿಸುತ್ತಿದೆ. ಬೆಳೆ ವಿಮೆಗೂ ಬರ ಘೋಷಣೆಗೂ ಆ ಮಳೆ ಲೆಕ್ಕ ನೆರವಾಗುತ್ತಿದೆ. ಮಳೆಯ ಲೆಕ್ಕವನ್ನು ಬಿಚ್ಚಿಟ್ಟವರು ನಾಲೆಯ ಲೆಕ್ಕವನ್ನೂ ಬಿಚ್ಚಿಡಬಹುದು.

ಕುಡಿಯುವ ನೀರಿನ ಮಾತು ಇನ್ನೂ ಗಂಭೀರ. 2022ರ ಮೇ, ಜೂನ್ ತಿಂಗಳಲ್ಲಿ ಇದೇ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು, ಪ್ರಾಣಗಳೂ ಹೋದವು. ನಲ್ಲಿ ನೀರಿನ ಪರೀಕ್ಷೆಯ ಫಲಿತಾಂಶ ಒಂದು ಕಡೆ ಇರುತ್ತದೆ, ಆಸ್ಪತ್ರೆಗೆ ಬಂದ ರೋಗಿಗಳ ಬಡಾವಣೆವಾರು ಪಟ್ಟಿ ಇನ್ನೊಂದು ಕಡೆ, ಪೈಪು ಒಡೆದ ದೂರು ಮತ್ತೊಂದು ಕಡೆ. ಮೂರನ್ನೂ ಒಬ್ಬ ಅಧಿಕಾರಿ ಒಂದೇ ಪರದೆಯಲ್ಲಿ ನೋಡುವಂತಿದ್ದರೆ ಒಂದು ಬಡಾವಣೆಯಿಂದ ಒಂದೇ ದಿನ ಹತ್ತು ಜನ ಬಂದರೆಂಬುದು ಸಂಜೆಯೊಳಗೆ ಗೊತ್ತಾಗುತ್ತದೆ, ರಾತ್ರಿಯೊಳಗೆ ನೀರು ನಿಲ್ಲಿಸಬಹುದು. ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್, ಕೆಲವೆಡೆ ಆರ್ಸೆನಿಕ್ ಇರುವುದೂ ಗೊತ್ತಿರುವ ಸಂಗತಿ. ಅಂಥ ಬೋರ್‌ವೆಲ್‌ನ ವರದಿ ಅಲ್ಲಿಂದ ನೀರು ಒಯ್ಯುವ ತಾಯಿಯ ಕಣ್ಣಿಗೆ ಬೀಳುವ ಹಾಗೆ ಪಂಚಾಯಿತಿ ಗೋಡೆಯ ಮೇಲೆ ಇರಬೇಕು.

ಈಗಿನ ಸ್ಥಿತಿ ತಲೆಕೆಳಗಾಗಿದೆ. ಮುಚ್ಚಿಡಬೇಕಾದದ್ದು ಬೀದಿಯಲ್ಲಿದೆ, ಬಿಚ್ಚಿಡಬೇಕಾದದ್ದು ಬೀರುವಿನಲ್ಲಿದೆ. ಬಡವರ ಆಧಾರ್ ಜೆರಾಕ್ಸ್ ಅಂಗಡಿ ಅಂಗಡಿಯಲ್ಲಿ ಬಿದ್ದಿದೆ. ನಾಲೆಯ ಗೇಜ್, ನೀರಿನ ಪರೀಕ್ಷೆ ಕೇಳಿದರೆ ಅರ್ಜಿ ಕೊಡಿ ಎನ್ನುತ್ತಾರೆ. ಒಳ್ಳೆಯ ನೀತಿ ಮಾಡಬೇಕಾದ ಕೆಲಸ ಇದನ್ನು ನೆಟ್ಟಗೆ ಮಾಡುವುದು.

ಮಾಡಬೇಕಾದದ್ದು

ಐದು ಸಲಹೆಗಳನ್ನು ಈ ಸಭೆಯ ಮುಂದಿಡುತ್ತೇನೆ.

ಒಂದು: ಪ್ರತಿ ದಾಖಲೆಗೆ ಒಂದೇ ಇಲಾಖೆ ಒಡೆಯ. ಜಮೀನಿಗೆ ಕಂದಾಯ, ಹುಟ್ಟು ಸಾವಿಗೆ ನೋಂದಣಾಧಿಕಾರಿ, ಶಾಲೆಗೆ ಶಿಕ್ಷಣ ಇಲಾಖೆ. ಉಳಿದವರು ಕೇಳಿ ನೋಡಬೇಕೇ ಹೊರತು ತಮ್ಮದೇ ನಕಲು ಮಾಡಿಕೊಂಡು ಇಟ್ಟುಕೊಳ್ಳಬಾರದು.

ಎರಡು: ಸಕಾಲ ಕಾಯ್ದೆಗೆ ಒಂದು ತಿದ್ದುಪಡಿ. ಸರ್ಕಾರದ ಬಳಿ ಈಗಾಗಲೇ ಇರುವ ದಾಖಲೆಯ ನಕಲನ್ನು ಅರ್ಜಿದಾರರಿಂದ ಕೇಳುವುದು ಸೇವೆಯ ಲೋಪ ಎಂದು ಎಣಿಸಬೇಕು.

ಮೂರು: ತಪ್ಪು ಎಲ್ಲಿ ಕಂಡಿತೋ ಅಲ್ಲೇ ತಿದ್ದುಪಡಿಯ ಅರ್ಜಿ ತೆಗೆದುಕೊಳ್ಳಬೇಕು. ಅದನ್ನು ಸರಿಯಾದ ಇಲಾಖೆಗೆ ಕಳಿಸುವುದು ಕೌಂಟರಿನವರ ಕೆಲಸ. ತಿದ್ದುಪಡಿ ಮುಗಿಯುವವರೆಗೆ ಪಿಂಚಣಿ, ರೇಷನ್ನು, ಪರಿಹಾರ ನಿಲ್ಲಬಾರದು. ಕಾರ್ಡು ರದ್ದು ಮಾಡುವ ಮುನ್ನ ಮನೆಗೆ ಹೋಗಿ ನೋಡಲೇಬೇಕು.

ನಾಲ್ಕು: ನಮ್ಮ ಮಾಹಿತಿಯನ್ನು ಯಾರು, ಯಾವತ್ತು, ಯಾತಕ್ಕೆ ನೋಡಿದರು ಎಂಬ ಪಟ್ಟಿ ಗ್ರಾಮ ಒನ್ ಕೇಂದ್ರದಲ್ಲಿ ಕನ್ನಡದಲ್ಲಿ, ಉಚಿತವಾಗಿ ಸಿಗಬೇಕು.

ಐದು: ನಾಲೆ, ಕುಡಿಯುವ ನೀರು, ಮಳೆ, ಅನುದಾನ, ಕಾಮಗಾರಿ ಇವುಗಳ ಲೆಕ್ಕ ಯಾರೂ ಕೇಳದೆಯೇ ಪ್ರಕಟವಾಗಬೇಕು, ಕನ್ನಡದಲ್ಲಿ, ಯೂನಿಕೋಡ್‌ನಲ್ಲಿ, ಊರಿನ ಹೆಸರು ಸಮೇತ.

ಇವುಗಳಿಗೆ ದೊಡ್ಡ ಹಣ ಬೇಕಿಲ್ಲ. ಪ್ರಯೋಗಕ್ಕೆ ನಮ್ಮ ಜಿಲ್ಲೆಯೇ ಸರಿಯಾದ ಜಾಗ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ದೇವದುರ್ಗ ಅದರಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆರಿಸಿದ ಎರಡು ಜಿಲ್ಲೆಗಳು ರಾಯಚೂರು ಮತ್ತು ಯಾದಗಿರಿ. ಅಂದಿನಿಂದ ನಮ್ಮ ಮಕ್ಕಳ ತೂಕ, ಶಾಲೆ, ಬೆಳೆ, ಬ್ಯಾಂಕು ಎಲ್ಲದರ ಅಂಕಿಗಳೂ ದಿಲ್ಲಿಯ ಪರದೆಯ ಮೇಲೆ ಕಾಣುತ್ತಿವೆ. ಅದೇ ಅಂಕಿಗಳು ದೇವದುರ್ಗದ ಗ್ರಾಮಸಭೆಯಲ್ಲೂ ಕಾಣಬೇಕು. ಸಂವಿಧಾನದ 371-ಜೆ ವಿಧಿ ನಮಗೆ ವಿಶೇಷ ಸ್ಥಾನ ಕೊಟ್ಟಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ಇದೇ ಊರಿನಲ್ಲಿ 2008ರಿಂದ ಕೃಷಿ ವಿಶ್ವವಿದ್ಯಾಲಯವಿದೆ, 2019ರಲ್ಲಿ ಶುರುವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಿದೆ. ಕನ್ನಡದ ಹೆಸರುಗಳನ್ನು ತಾಳೆ ನೋಡುವ ತಂತ್ರಾಂಶ ಬೇರೆಲ್ಲೋ ಹುಟ್ಟಬೇಕಾಗಿಲ್ಲ. ‘ಹಣಮಂತ’ನೂ ‘ಹನುಮಂತಪ್ಪ’ನೂ ಒಬ್ಬನೇ ಇರಬಹುದೆಂದು ಈ ಮಣ್ಣಿನಲ್ಲಿ ಬೆಳೆದ ಹುಡುಗರಿಗೆ ಗೊತ್ತು.

ಕೊನೆಯದಾಗಿ ಮೂರು ಬಿನ್ನಹ. ಅಧಿಕಾರಿ ಮಿತ್ರರೇ, ನಾಳೆ ನಿಮ್ಮ ಮೇಜಿಗೆ ಬರುವ ಅರ್ಜಿಯ ನಮೂನೆಯನ್ನು ಒಮ್ಮೆ ಓದಿ, ನಿಮ್ಮ ಕಂಪ್ಯೂಟರಿನಲ್ಲೇ ಸಿಗುವ ಕಾಗದವನ್ನು ಲಗತ್ತುಗಳ ಪಟ್ಟಿಯಿಂದ ತೆಗೆಯಿರಿ, ಅದಕ್ಕೆ ಬೇಕಾದ ಆದೇಶವನ್ನು ಮೇಲಿನವರಿಂದ ಕೇಳಿ. ವಿದ್ಯಾರ್ಥಿಗಳೇ, ರಜೆಗೆ ಊರಿಗೆ ಹೋದಾಗ ನಿಮ್ಮ ಓಣಿಯ ಹತ್ತು ಮನೆಗಳ ಪಹಣಿ, ಆಧಾರ್, ಪಾಸ್‌ಬುಕ್ಕಿನ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ತಪ್ಪಿದ್ದರೆ ಬರ ಬರುವ ಮೊದಲೇ ತಿದ್ದಿಸಲು ನೆರವಾಗಿ. ಊರಿನ ಹಿರಿಯರೇ, ಮುಂದಿನ ಗ್ರಾಮಸಭೆಯಲ್ಲಿ ನೀರಿನ ಪರೀಕ್ಷೆಯ ವರದಿಯನ್ನೂ ನಾಲೆಯ ಗೇಜ್ ಲೆಕ್ಕವನ್ನೂ ಓದಿ ಹೇಳಿ ಎಂದು ಕೇಳಿ. ಅದು ನಿಮ್ಮ ಹಕ್ಕು. ಕೇಳುವವರಿದ್ದರೆ ಮಾತ್ರ ಹೇಳುವವರು ಇರುತ್ತಾರೆ.